ಗಂಟು, ಹೆಣಿಗೆ, ಕ್ಯಾಪೆಲ್: ಹಗ್ಗದ ತುದಿಯ ವಿಜ್ಞಾನ

ಎಳೆತ ಮಿತಿ ಮೀರಿದಾಗ ಹಗ್ಗ ಎಲ್ಲೆಂದರಲ್ಲಿ ಕಡಿಯುವುದಿಲ್ಲ. ಬಹುಪಾಲು ಸಲ ಅದು ಕಡಿಯುವುದು ಗಂಟಿನ ಬುಡದಲ್ಲಿ, ನೇರವಾಗಿ ಬಂದ ಎಳೆ ಗಂಟಿನೊಳಗೆ ಮೊದಲ ಸಲ ಬಾಗುವ ಜಾಗದಲ್ಲಿ. ಮೀನಿನ ಗಾಳಕ್ಕೆ ಕಟ್ಟಿದ ಕೂದಲೆಳೆಯಷ್ಟು ತೆಳ್ಳನೆಯ ನೈಲಾನ್ ದಾರಕ್ಕೂ, ಕೋಲಾರದ ಚಿನ್ನದ ಗಣಿಗಳಲ್ಲಿ ಜನರನ್ನು ಹೊತ್ತು ಪಾತಾಳಕ್ಕಿಳಿಯುತ್ತಿದ್ದ ಉಕ್ಕಿನ ಹಗ್ಗಕ್ಕೂ ಈ ಮಾತು ಒಂದೇ ರೀತಿ ಅನ್ವಯಿಸುತ್ತದೆ. ಹಗ್ಗದ ಬಲವನ್ನು ಲೆಕ್ಕ ಹಾಕುವುದು ಸುಲಭ. ಆ ಬಲವನ್ನು ಸೋರಿಹೋಗದಂತೆ ತುದಿಯಿಂದ ಇನ್ನೊಂದು ವಸ್ತುವಿಗೆ ದಾಟಿಸುವುದೇ ಕಷ್ಟ. ಗಂಟು, ಹೆಣಿಗೆ, ಲೋಹದ ಕ್ಯಾಪೆಲ್ ಮೂರೂ ಈ ಕಷ್ಟಕ್ಕೆ ಮನುಷ್ಯ ಕಂಡುಕೊಂಡ ಉತ್ತರಗಳು.

ಗಂಟಿನೊಳಗೆ ನಡೆಯುವುದೇನು

ಗಂಟನ್ನು ಹಿಡಿದಿಡುವುದು ಘರ್ಷಣೆ. ಒಂದು ಕಂಬಕ್ಕೆ ಹಗ್ಗ ಸುತ್ತಿ ಒಂದು ತುದಿಗೆ ಭಾರ ಕಟ್ಟಿದರೆ, ಇನ್ನೊಂದು ತುದಿಯನ್ನು ಸ್ವಲ್ಪವೇ ಬಲದಿಂದ ಹಿಡಿದರೂ ಭಾರ ಜಾರುವುದಿಲ್ಲ. ಇದರ ಗಣಿತವನ್ನು ಬಿಡಿಸಿದವನು 18ನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಪ್ರತಿಯೊಂದು ಹೊಸ ಸುತ್ತೂ ಹಿಡಿತವನ್ನು ಒಂದಿಷ್ಟು ಕೂಡಿಸುವುದಿಲ್ಲ, ಇಂತಿಷ್ಟು ಪಟ್ಟು ಹೆಚ್ಚಿಸುತ್ತದೆ. ಘರ್ಷಣಾಂಕ 0.2 ಎಂದು ಹಿಡಿದರೆ ಒಂದು ಸುತ್ತಿಗೆ ಹಿಡಿತ ಸುಮಾರು 3.5 ಪಟ್ಟಾಗುತ್ತದೆ, ಎರಡು ಸುತ್ತಿಗೆ 12 ಪಟ್ಟು, ಮೂರಕ್ಕೆ 43 ಪಟ್ಟು, ಐದಕ್ಕೆ 500ಕ್ಕೂ ಮೇಲೆ. ಗಾಳದ ಗಂಟುಗಳಲ್ಲಿ ಐದಾರು ಸುತ್ತು ಹಾಕಿ ಎನ್ನುವ ವಾಡಿಕೆಗೆ ಕಾರಣ ಇದೇ. ನುಣುಪಾದ ದಾರದಲ್ಲಿ ಘರ್ಷಣಾಂಕ ಇಳಿಯುತ್ತದೆ, ಅದನ್ನು ತುಂಬಿಕೊಡಲು ಸುತ್ತುಗಳು ಹೆಚ್ಚಬೇಕಾಗುತ್ತದೆ.

ಆದರೆ ಹಿಡಿತ ಕೊಡುವ ಸುತ್ತೇ ದಾರವನ್ನು ದುರ್ಬಲಗೊಳಿಸುತ್ತದೆ. ದಾರ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಒಂದೇ ಎಳೆಯ ದಾರ ತನ್ನ ವ್ಯಾಸದಷ್ಟೇ ತ್ರಿಜ್ಯದಲ್ಲಿ ಬಾಗಿದರೆ ಹೊರಮೈ ಶೇ 50ರಷ್ಟು ಹಿಗ್ಗಬೇಕಾಗುತ್ತದೆ. ಅಷ್ಟು ಹಿಗ್ಗಿದ ಎಳೆಗಳಲ್ಲಿ ಭಾರ ಹೊರುವ ಶಕ್ತಿ ಹೆಚ್ಚು ಉಳಿದಿರುವುದಿಲ್ಲ. ಅದರ ಮೇಲೆ ನೇರ ಎಳೆತವೂ ಬಿದ್ದಾಗ ಮೊದಲು ಕಿತ್ತುಬರುವುದು ಹೊರಮೈಯೇ. ಇನ್ನೊಂದು ಸುತ್ತು ಅಡ್ಡಲಾಗಿ ಒತ್ತಿ ಕುಳಿತಿದ್ದರೆ ಆ ಒತ್ತಡವೂ ಸೇರುತ್ತದೆ. ಎಲ್ಲರಿಗೂ ಗೊತ್ತಿರುವ ಒಂದೇ ಸುತ್ತಿನ ಸಾದಾ ಗಂಟು ದಾರದ ಬಲವನ್ನು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಸುತ್ತದೆ. ಚೆನ್ನಾಗಿ ಕಟ್ಟಿದ ಗಾಳದ ಗಂಟು ಶೇ 80ರಿಂದ 95ರಷ್ಟು ಬಲ ಉಳಿಸಿಕೊಳ್ಳುತ್ತದೆ. ವ್ಯತ್ಯಾಸವಿರುವುದು ಭಾರ ಇಳಿಯುವ ರೀತಿಯಲ್ಲಿ. ಕೆಟ್ಟ ಗಂಟಿನಲ್ಲಿ ಇಡೀ ಎಳೆತ ಒಂದೇ ತಿರುವಿನ ಮೇಲೆ ಬೀಳುತ್ತದೆ. ಒಳ್ಳೆಯ ಗಂಟಿನಲ್ಲಿ ಅದು ಅನೇಕ ಸುತ್ತುಗಳಿಗೆ ಹಂಚಿಹೋಗಿ, ತೀವ್ರ ತಿರುವು ಬರುವ ಹೊತ್ತಿಗೆ ಬಹಳಷ್ಟು ಕರಗಿರುತ್ತದೆ.

ಗಾಳದ ದಾರದ ಜೋಡಣೆ

ಈ ತತ್ವವನ್ನು ಬರಿಗಣ್ಣಿನಲ್ಲೇ ನೋಡಬಹುದಾದ ಜಾಗ ಫ್ಲೈ ಫಿಶಿಂಗ್. ಇಲ್ಲಿ ಗಾಳಕ್ಕೆ ಗರಿ, ಕೂದಲುಗಳನ್ನು ಕಟ್ಟಿ ಹುಳುವಿನ ರೂಪ ಕೊಟ್ಟಿರುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲವಾದ್ದರಿಂದ ಅದನ್ನು ಬೀಸಿ ಎಸೆಯಲಾಗದು. ತೂಕವೆಲ್ಲ ದಾರದಲ್ಲೇ ಇರಬೇಕು. ಐದನೆಯ ನಂಬರಿನ ಫ್ಲೈ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಹೆಣೆದ ನೈಲಾನ್ ತಿರುಳಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಈ ದಪ್ಪ ದಾರದ ತುದಿಗೆ, ಮುಂದೆ ಮುಂದೆ ತೆಳ್ಳಗಾಗುತ್ತ ಹೋಗುವ ಲೀಡರ್ ಎಂಬ ಪಾರದರ್ಶಕ ಎಳೆ ಸೇರುತ್ತದೆ. ಅದರ ಕೊನೆಯ ತುಂಡು 0.15 ಮಿಲಿಮೀಟರಿನಷ್ಟು ತೆಳುವಿರಬಹುದು. ಹೀಗೆ ದಪ್ಪದಿಂದ ತೆಳುವಿಗೆ ಇಳಿಯುವ ಹಾದಿಯಲ್ಲಿ ಹಲವು ಜೋಡಣೆಗಳು ಬರುತ್ತವೆ. ಅವು ಗಟ್ಟಿಯಾಗಿದ್ದರೆ ಸಾಲದು, ಕೋಲಿನ ಉದ್ದಕ್ಕೂ ಇರುವ ಸಣ್ಣ ಬಳೆಗಳಲ್ಲಿ ತಡೆಯಿಲ್ಲದೆ ಜಾರಿಹೋಗುವಷ್ಟು ನಯವಾಗಿಯೂ ಇರಬೇಕು. ಮೀನು ದಡದ ಹತ್ತಿರ ಬಂದಾಗ ಉಬ್ಬಿದ ಗಂಟು ಬಳೆಗೆ ಸಿಕ್ಕಿಕೊಂಡರೆ, ಮೀನಿನ ಒಂದೇ ಜಗ್ಗಿಗೆ ದಾರ ಕಡಿಯುತ್ತದೆ.

ಫ್ಲೈ ಲೈನಿಗೆ ಲೀಡರ್ ಸೇರಿಸಲು ಬಳಸುವ ನೇಲ್ ನಾಟ್ ಈ ಎರಡೂ ಬೇಡಿಕೆಗಳನ್ನು ಪೂರೈಸುತ್ತದೆ. ಫ್ಲೈ ಲೈನಿನ ತುದಿ, ಲೀಡರಿನ ದಪ್ಪ ತುದಿ, ಒಂದು ಮೊಳೆ ಅಥವಾ ತೆಳು ಕೊಳವೆ, ಈ ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಲೀಡರಿನ ತುದಿಯನ್ನು ಹಿಂದಕ್ಕೆ ತಿರುಗಿಸಿ ಮೂರರ ಮೇಲೂ ಐದಾರು ಸುತ್ತು ಸುತ್ತಿ, ಆ ತುದಿಯನ್ನು ಮೊಳೆ ಇರುವ ಸಂದಿಯಲ್ಲಿ ಸುತ್ತುಗಳ ಅಡಿಯಿಂದ ತೂರಿಸಬೇಕು. ಆಮೇಲೆ ಮೊಳೆಯನ್ನು ಮೆಲ್ಲಗೆ ಹೊರಗೆಳೆದು, ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರುವಂತೆ ನೋಡಿಕೊಂಡು ಎರಡೂ ತುದಿಗಳನ್ನು ನಿಧಾನವಾಗಿ ಬಿಗಿಯಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೆ ಅಲ್ಲೇ ದಾರ ಕಡಿಯುತ್ತದೆ. ಸರಿಯಾಗಿ ಕುಳಿತ ಸುತ್ತುಗಳು ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಮನಾಗಿ ಒತ್ತಿ ಇಳಿಯುತ್ತವೆ. ಹೀಗಾಗಿ ಫ್ಲೈ ಲೈನ್ ಎಲ್ಲೂ ಬಾಗಬೇಕಿಲ್ಲ. ತುದಿಗಳನ್ನು ಒತ್ತಿ ಕತ್ತರಿಸಿ, ಬಾಗಬಲ್ಲ ಅಂಟನ್ನು ತೆಳುವಾಗಿ ಸವರಿದರೆ ಜೋಡಣೆ ಬಳೆಗಳಲ್ಲಿ ಸಲೀಸಾಗಿ ದಾಟುತ್ತದೆ.

ಬಿಗಿಯುವ ಮೊದಲು ಗಂಟನ್ನು ಉಗುಳಿನಿಂದಲೋ ನೀರಿನಿಂದಲೋ ಒದ್ದೆ ಮಾಡುವುದು ಗಾಳಗಾರರ ಹಳೆಯ ರೂಢಿ. ಒಣ ನೈಲಾನ್ ತನ್ನ ಮೇಲೆ ತಾನೇ ಉಜ್ಜಿದಾಗ ಹುಟ್ಟುವ ಶಾಖ ಮೈಯನ್ನು ಮೆತ್ತಗಾಗಿಸಿ ಗೀರು ಬೀಳಿಸುತ್ತದೆ. ಅಂಥ ಗಂಟಿನ ಬಳಿ ದಾರ ಸುರುಳಿಗಟ್ಟಿ ಮಂಕಾಗಿ ಕಾಣುತ್ತದೆ. ಹಾಗೆ ಕಂಡದ್ದನ್ನು ಕತ್ತರಿಸಿ ಮತ್ತೆ ಕಟ್ಟುವುದೊಂದೇ ದಾರಿ.

ನೈಲಾನ್ ಬಂದದ್ದು 1930ರ ದಶಕದ ಕೊನೆಯಲ್ಲಿ. ಅದಕ್ಕೂ ಹಿಂದೆ ಲೀಡರ್ ಆಗಿ ಬಳಕೆಯಾಗುತ್ತಿದ್ದುದು ರೇಷ್ಮೆ ಹುಳುವಿನಿಂದ ಬಂದ ಎಳೆ. ಕೋಲಾರ ಸೀಮೆಯಲ್ಲಿ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುವ ಜಾತಿಯದೇ ಹುಳು ಅದು. ಸ್ಪೇನಿನ ಮುರ್ಸಿಯಾದಲ್ಲಿ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಹುಳಿದ್ರಾವಣದಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಕೈಯಿಂದ ಜಗ್ಗಿ ಒಂದೇ ದಪ್ಪ ಎಳೆ ಮಾಡುತ್ತಿದ್ದರು. ಒಂದೊಂದು ಎಳೆಯೂ ಗೇಣೆರಡು ಗೇಣು ಉದ್ದ ಮಾತ್ರ. ಒಂದು ಲೀಡರಿಗೆ ಹಲವು ತುಂಡುಗಳು ಬೇಕಾಗುತ್ತಿದ್ದುದರಿಂದ, ಎರಡೂ ಕಡೆಯಿಂದ ಸುತ್ತು ಹಾಕಿ ನಡುವೆ ತುದಿ ತೂರಿಸುವ ಬ್ಲಡ್ ನಾಟ್‌ನಂಥ ನಯವಾದ ಗಂಟುಗಳು ಬೆಳೆದವು.

ಕೆಜಿಎಫ್‌ನ ಆಳ ಮತ್ತು ಹಗ್ಗದ ಸ್ವಂತ ತೂಕ

ಗಾಳದ ದಾರ ಕಡಿದರೆ ಹೋಗುವುದು ಒಂದು ಮೀನು. ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್) ಹಗ್ಗದ ತುದಿಗೆ ತೂಗುತ್ತಿದ್ದುದು ಜನ ತುಂಬಿದ ಕೇಜ್, ಅಂದರೆ ಲಿಫ್ಟಿನಂಥ ಪಂಜರ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ವ್ಯವಸ್ಥಿತ ಗಣಿಗಾರಿಕೆ ಆರಂಭಿಸಿತು. ಆಗ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಬಂಗಾರಪೇಟೆಯಿಂದ ಗಣಿಗಳತ್ತ ರೈಲು ಕವಲು ಬಂದ ಮೇಲೆ ಭಾರಿ ಯಂತ್ರಗಳನ್ನು ತರುವುದು ಸುಲಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದುಬಂತು. ಚಾಂಪಿಯನ್ ರೀಫ್ ಗಣಿ ಕೊನೆಗೆ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ, ಸುಮಾರು 3,200 ಮೀಟರ್‌ವರೆಗೆ ಇಳಿಯಿತು.

ಅಷ್ಟು ಆಳಕ್ಕೆ ಒಂದೇ ಹಗ್ಗವನ್ನು ಇಳಿಬಿಡುವುದು ಏಕೆ ಕಷ್ಟ ಎಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. 40 ಮಿಲಿಮೀಟರ್ ವ್ಯಾಸದ, ಆರು ಎಳೆಗಳ ಉಕ್ಕಿನ ಹಗ್ಗ ಮೀಟರಿಗೆ ಆರು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಇಂದಿನ ಗಟ್ಟಿ ಉಕ್ಕಿನದಾದರೆ ಅದು ಸುಮಾರು 95 ಟನ್ ಎಳೆತಕ್ಕೆ ಕಡಿಯುತ್ತದೆ. ಹಾಗಾದರೆ ಕೇಜ್ ಇಲ್ಲದೆ ಬರೀ ಹಗ್ಗವನ್ನೇ ಇಳಿಬಿಟ್ಟರೂ 15 ಕಿಲೋಮೀಟರ್ ದಾಟುತ್ತಿದ್ದಂತೆ ಅದು ತನ್ನ ಭಾರಕ್ಕೇ ಕಡಿಯುತ್ತದೆ. ಜನರನ್ನು ಸಾಗಿಸುವ ಹಗ್ಗದ ಬಲ ಅದರ ಮೇಲಿನ ಭಾರದ ಹತ್ತು ಪಟ್ಟು ಇರಬೇಕೆಂದು ಹಿಡಿದರೆ, ಈ ಉದ್ದ ಒಂದೂವರೆ ಕಿಲೋಮೀಟರಿಗೆ ಇಳಿಯುತ್ತದೆ. ಅಷ್ಟರಲ್ಲೇ ಕೇಜಿಗೆ ಏನೂ ಉಳಿಯುವುದಿಲ್ಲ. ದಪ್ಪ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಬಲ ಹೆಚ್ಚಿದಷ್ಟೇ ತೂಕವೂ ಹೆಚ್ಚುತ್ತದೆ. ಆಳದ ಗಣಿಗಳು ಹಗ್ಗದ ಉಕ್ಕನ್ನು ಗಟ್ಟಿಗೊಳಿಸಿದವು, ಸುರಕ್ಷತೆಯ ಅನುಪಾತವನ್ನು ಎಚ್ಚರಿಕೆಯಿಂದ ಇಳಿಸಿದವು, ದಾರಿಯನ್ನು ಹಂತಗಳಾಗಿ ಒಡೆದವು. ಚಾಂಪಿಯನ್ ರೀಫ್‌ನಲ್ಲಿ ಮೇಲಿನ ಶಾಫ್ಟಿನಲ್ಲಿ, ಅಂದರೆ ಬಾವಿಯಂಥ ಗಣಿದಾರಿಯಲ್ಲಿ, ಇಳಿದವರು ನೆಲದೊಳಗಿನ ಮತ್ತೊಂದು ವೈಂಡರಿನ (ಹಗ್ಗ ಸುತ್ತುವ ಯಂತ್ರದ) ಕೇಜ್ ಹತ್ತಿ ಇನ್ನೂ ಕೆಳಗೆ ಹೋಗಬೇಕಿತ್ತು.

ಈ ಹಗ್ಗಗಳ ಮೇಲೆ ಇಳಿದದ್ದು ಕಾರ್ಮಿಕರು ಮಾತ್ರವಲ್ಲ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಗುರುತಿಸಿದರು. ಮುಂದೆ ಪ್ರೋಟಾನಿನ ವಿಘಟನೆ ಹುಡುಕಲು ಕಟ್ಟಿದ ಸುಮಾರು 140 ಟನ್ ತೂಕದ ಉಪಕರಣದ ಬಿಡಿಭಾಗಗಳೂ ಶಾಫ್ಟಿನಲ್ಲೇ ಇಳಿದವು.

ತಂತಿ ಹಗ್ಗ ಮತ್ತು ಹೆಣಿಗೆ

ತಂತಿ ಹಗ್ಗದ ಹುಟ್ಟೂ ಗಣಿಯಲ್ಲೇ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ, 3.5 ಮಿಲಿಮೀಟರಿನ ನಾಲ್ಕು ತಂತಿಗಳನ್ನು ಹೊಸೆದು ಒಂದು ಎಳೆ ಮಾಡಿ, ಅಂಥ ಮೂರು ಎಳೆಗಳನ್ನು ಸೇರಿಸಿ ಹಗ್ಗ ಮಾಡಿದ. ಅದಕ್ಕೂ ಮುಂಚೆ ಬಳಸುತ್ತಿದ್ದ ಸರಪಳಿಯ ಒಂದೇ ಕೊಂಡಿ ಮುರಿದರೂ ಎಲ್ಲವೂ ಮುಗಿಯುತ್ತಿತ್ತು. ತಂತಿ ಹಗ್ಗದಲ್ಲಿ ಒಂದು ತಂತಿ ಕಡಿದರೆ, ಅದರ ಭಾರವನ್ನು ಪಕ್ಕದ ತಂತಿಗಳು ಘರ್ಷಣೆಯ ಮೂಲಕ ಹೊತ್ತುಕೊಳ್ಳುತ್ತವೆ. ಸ್ವಲ್ಪ ದೂರ ಹೋದ ಮೇಲೆ ಕಡಿದ ತಂತಿಯೇ ಮತ್ತೆ ತನ್ನ ಪಾಲನ್ನು ಹೊರುತ್ತದೆ. ಕಡಿದ ತಂತಿಗಳನ್ನು ಎಣಿಸುತ್ತ ಹಗ್ಗದ ಆರೋಗ್ಯ ತಿಳಿಯುವ ಅವಕಾಶವೂ ಇದರಿಂದ ಸಿಕ್ಕಿತು.

ಉಕ್ಕಿನ ಹಗ್ಗಕ್ಕೆ ಗಂಟು ಹಾಕುವಂತಿಲ್ಲ. ನಾಲ್ಕು ಮೀಟರ್ ವ್ಯಾಸದ ಡ್ರಮ್ಮಿನ ಮೇಲೆ ಬಾಗುವಾಗ 2.5 ಮಿಲಿಮೀಟರಿನ ತಂತಿಯ ಹೊರಮೈ ಹಿಗ್ಗುವುದು ಶೇ 0.06ರಷ್ಟು ಮಾತ್ರ. ಅದು ಉಕ್ಕಿಗೆ ಸಹ್ಯ. ಅದೇ ಹಗ್ಗವನ್ನು ಗಂಟಿನಷ್ಟು ಬಿಗಿಯಾಗಿ ಬಾಗಿಸಿದರೆ ತಂತಿಗಳು ಶಾಶ್ವತವಾಗಿ ಮುರುಟಿಹೋಗುತ್ತವೆ. ಮುರುಟಿದ ಹಗ್ಗವನ್ನು ಮತ್ತೆ ನೇರ ಮಾಡಿದರೂ ಅದರ ಬಲ ಮರಳುವುದಿಲ್ಲ.

ಸಾಗಣೆಯ ಹಳಿಗಳ ಮೇಲೆ ಗಾಡಿಗಳನ್ನು ಎಳೆಯುವ ಹಾಲೇಜ್ ಹಗ್ಗಗಳನ್ನು ಸೇರಿಸಲು ಬಳಸುವುದು ಸ್ಪ್ಲೈಸಿಂಗ್, ಅಂದರೆ ಎಳೆಗಳನ್ನು ಬಿಚ್ಚಿ ಒಂದರೊಳಗೊಂದು ಹೆಣೆಯುವುದು. ಎರಡೂ ತುದಿಗಳ ಎಳೆಗಳನ್ನು ಎದುರುಬದುರು ಕೂಡಿಸಿ, ಒಂದು ಹಗ್ಗದ ಒಂದು ಎಳೆಯನ್ನು ಬಿಚ್ಚುತ್ತ ಹೋದಂತೆ ಅದು ಖಾಲಿ ಮಾಡಿದ ಜಾಡಿನಲ್ಲೇ ಇನ್ನೊಂದು ಹಗ್ಗದ ಎಳೆಯನ್ನು ಕೂರಿಸುತ್ತಾರೆ. ಎಳೆಗಳು ಸಂಧಿಸುವ ಜಾಗಗಳು ಒಂದೇ ಕಡೆ ಬರದೆ ಉದ್ದಕ್ಕೂ ಹಂಚಿಹೋಗುತ್ತವೆ. ಕೊನೆಯ ತುದಿಗಳನ್ನು ಹಗ್ಗದ ನಡುವಿನ ನಾರಿನ ತಿರುಳನ್ನು ತೆಗೆದ ಜಾಗದಲ್ಲಿ ಹುದುಗಿಸುತ್ತಾರೆ. ಹಗ್ಗದ ಮೇಲೆ ಎಳೆತ ಬಿದ್ದಷ್ಟೂ ಹೊರಗಿನ ಎಳೆಗಳು ಒಳಗೆ ಹುದುಗಿದ ತುದಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತವೆ. ಹೀಗೆ ಹೆಣೆದ ಹಗ್ಗದ ದಪ್ಪ ಹೆಚ್ಚುಕಡಿಮೆ ಬದಲಾಗದೆ ಉಳಿಯುವುದರಿಂದ ಅದು ರಾಟೆಗಳ ಮೇಲೆ ತಡೆಯಿಲ್ಲದೆ ಹಾದುಹೋಗುತ್ತದೆ. ಇದಕ್ಕೆ ಉದ್ದ ಬೇಕು. ಜನರನ್ನು ಒಯ್ಯುವ ರೋಪ್‌ವೇಗಳಲ್ಲಿ ಹೆಣಿಗೆಯ ಉದ್ದ ಹಗ್ಗದ ವ್ಯಾಸದ ಕನಿಷ್ಠ 1,200 ಪಟ್ಟು ಇರಬೇಕೆಂಬ ನಿಯಮವಿದೆ. 20 ಮಿಲಿಮೀಟರಿನ ಹಗ್ಗಕ್ಕೆ ಅದು 24 ಮೀಟರ್. ಶಾಫ್ಟಿನಲ್ಲಿ ಕೇಜ್ ಹೊರುವ ವೈಂಡಿಂಗ್ ಹಗ್ಗಕ್ಕೆ ಮಾತ್ರ ಇಂಥ ಹೆಣಿಗೆಯನ್ನೂ ಒಪ್ಪುವುದಿಲ್ಲ. ಅದು ಡ್ರಮ್ಮಿನಿಂದ ಕೇಜಿನವರೆಗೆ ಅಖಂಡವಾಗಿರಬೇಕು.

ಕ್ಯಾಪೆಲ್

ಅಖಂಡವಾದ ಆ ಹಗ್ಗವನ್ನು ಕೇಜಿಗೆ ಸೇರಿಸುವ ಲೋಹದ ಹಿಡಿಯೇ ಕ್ಯಾಪೆಲ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಬಿಳಿಲೋಹ ಎರೆದು ಮಾಡುವುದು. ಹಗ್ಗದ ತುದಿಯಿಂದ ಇಂತಿಷ್ಟು ದೂರದಲ್ಲಿ ಮೆದು ಕಬ್ಬಿಣದ ತಂತಿಯಿಂದ ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ, ಇಲ್ಲದಿದ್ದರೆ ಹಗ್ಗದ ಹೊಸೆತವೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ತುದಿಯ ಎಳೆಗಳನ್ನೂ, ಎಳೆಗಳೊಳಗಿನ ಒಂದೊಂದು ತಂತಿಯನ್ನೂ ಬಿಡಿಸಿ ಕುಂಚದಂತೆ ಹರಡಿ, ನಾರಿನ ತಿರುಳನ್ನು ಕತ್ತರಿಸಿ ತೆಗೆದು, ತಂತಿಗಳ ಮೇಲಿನ ಗ್ರೀಸನ್ನು ಪೂರ್ತಿ ತೊಳೆಯುತ್ತಾರೆ. ಎಣ್ಣೆಯ ಪಸೆ ಉಳಿದ ತಂತಿಯನ್ನು ಲೋಹ ಹಿಡಿಯುವುದಿಲ್ಲ. ಈ ಕುಂಚವನ್ನು ಶಂಕುವಿನಾಕಾರದ ಸಾಕೆಟ್ಟಿನೊಳಗೆ ಎಳೆದು ಕೂರಿಸಿ, ಹಗ್ಗ ನೆಟ್ಟಗೆ ನಿಲ್ಲುವಂತೆ ಕಟ್ಟಿ, ಕೆಳಗಿನ ಸಂದಿಗೆ ಜೇಡಿಮಣ್ಣು ಮೆತ್ತುತ್ತಾರೆ. ಸಾಕೆಟ್ಟನ್ನು ಮೊದಲೇ ಬಿಸಿ ಮಾಡಿರಬೇಕು. ತಣ್ಣನೆಯ ಸಾಕೆಟ್ಟಿಗೆ ಎರೆದ ಲೋಹ ತಳ ಮುಟ್ಟುವ ಮುನ್ನವೇ ಹೆಪ್ಪುಗಟ್ಟುತ್ತದೆ. ಸೀಸ, ಆಂಟಿಮನಿ, ತವರ ಬೆರೆತ ಬಿಳಿಲೋಹವನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಂದೇ ಧಾರೆಯಲ್ಲಿ ಎರೆಯುತ್ತಾರೆ. ಶಾಖ ಹದವಾಗಿದೆಯೇ ಎಂದು ತಿಳಿಯಲು ಒಣ ಮರದ ಕಡ್ಡಿಯೊಂದನ್ನು ಅದ್ದಿ ನೋಡುವ ಹಳೆಯ ಕ್ರಮವಿದೆ. ಕಡ್ಡಿ ಕಂದುಗಟ್ಟಬೇಕು, ಹತ್ತಿ ಉರಿಯಬಾರದು. ಶಾಖ ಅತಿಯಾದರೆ ಎಳೆದು ಗಟ್ಟಿ ಮಾಡಿದ ಉಕ್ಕಿನ ತಂತಿ ತನ್ನ ಗಡಸನ್ನೇ ಕಳೆದುಕೊಳ್ಳುತ್ತದೆ. ಹದವಾಗಿ ಎರೆದ ಸಾಕೆಟ್ ಹಗ್ಗದ ಪೂರ್ಣ ಬಲವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಡುತ್ತದೆ.

ಎರಡನೆಯದು ಬೆಣೆಯ ಕ್ಯಾಪೆಲ್. ಇದರಲ್ಲಿ ಹಗ್ಗವನ್ನು ಬಿಡಿಸುವುದೂ ಇಲ್ಲ, ಕಾಯಿಸುವುದೂ ಇಲ್ಲ. ನೇರ ಹಗ್ಗದ ಎರಡೂ ಬದಿಗೆ ಉದ್ದನೆಯ ಬೆಣೆಗಳನ್ನು ಇಟ್ಟು, ಅವುಗಳ ಹೊರಗೆ ಉಕ್ಕಿನ ಪಟ್ಟಿಗಳನ್ನು ಕೂರಿಸಿ, ಮೇಲೆ ಬಳೆಗಳನ್ನು ಬಡಿದು ಬಿಗಿಯುತ್ತಾರೆ. ಗುದ್ದಲಿಯ ಕಾವಿಗೆ ಹೊಡೆದ ಬೆಣೆಯ ಹಾಗೆ, ಭಾರ ಜಗ್ಗಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಬೆಣೆಯ ಇಡೀ ಉದ್ದಕ್ಕೆ ಒತ್ತಡ ಹಂಚಿಹೋಗುವುದರಿಂದ ಯಾವ ತಂತಿಯೂ ಒಂದೇ ಜಾಗದಲ್ಲಿ ಜಜ್ಜಿಹೋಗುವುದಿಲ್ಲ. ನೇಲ್ ನಾಟ್‌ನ ಸುತ್ತುಗಳು ಮಾಡುವ ಕೆಲಸವೂ ಇದೇ.

ತುದಿಯ ಆಯಸ್ಸು

ವೈಂಡಿಂಗ್ ಹಗ್ಗದ ಮೇಲೆ ಅತಿ ಹೆಚ್ಚು ಭಾರ ಬೀಳುವುದು ಶಾಫ್ಟಿನ ಬಾಯಿಯ ಮೇಲೆ ನಿಂತ ಹೆಡ್‌ಗೇರ್ ಗೋಪುರದ ರಾಟೆಯ ಬಳಿ, ಏಕೆಂದರೆ ಅಲ್ಲಿ ಕೇಜಿನ ಜೊತೆಗೆ ಕೆಳಗಿನ ಹಗ್ಗದ ತೂಕವೂ ಸೇರಿರುತ್ತದೆ. ಆದರೂ ಬೇಗ ಹಾಳಾಗುವ ಜಾಗಗಳಲ್ಲಿ ಕ್ಯಾಪೆಲ್ಲಿನ ಬುಡವೂ ಒಂದು. ಕೇಜ್ ಹೊರಟಾಗ, ನಿಂತಾಗ, ಹಳಿಗೆ ತಾಗಿ ಅದುರಿದಾಗ ಹಗ್ಗದುದ್ದಕ್ಕೂ ಕಂಪನದ ಅಲೆಗಳು ಓಡುತ್ತವೆ. ಬಾಗಲಾರದ ಕ್ಯಾಪೆಲ್ಲಿಗೆ ಬಡಿದು ಅವು ಹಿಂದಿರುಗುವಾಗ ಅಲ್ಲಿನ ತಂತಿಗಳು ಮತ್ತೆ ಮತ್ತೆ ಸೂಕ್ಷ್ಮವಾಗಿ ಬಾಗುತ್ತವೆ. ಶಾಫ್ಟಿನ ನೀರು ಹಗ್ಗದ ಮೇಲಿಂದ ಇಳಿದು ಅಲ್ಲೇ ನಿಲ್ಲುತ್ತದೆ. ದಣಿವೂ ತುಕ್ಕೂ ಕೂಡಿದಾಗ ತಂತಿಗಳು ಒಳಗಿನಿಂದಲೇ ಒಡೆಯತೊಡಗುತ್ತವೆ.

ಭಾರತದ ಗಣಿ ನಿಯಮಗಳು ಇದಕ್ಕೆ ಕಟ್ಟುನಿಟ್ಟಾದ ಪರಿಹಾರ ಇಟ್ಟಿವೆ. ಹಗ್ಗ, ಕ್ಯಾಪೆಲ್, ಸರಪಳಿಗಳನ್ನು ಅರ್ಹ ವ್ಯಕ್ತಿ ದಿನವೂ ನೋಡಬೇಕು. ಆರು ತಿಂಗಳಿಗೊಮ್ಮೆಯಾದರೂ ಕ್ಯಾಪೆಲ್ಲನ್ನು ಅದರ ಮೇಲಿನ ಒಂದಷ್ಟು ಹಗ್ಗದ ಸಮೇತ ಕತ್ತರಿಸಿ ತೆಗೆದು ಹೊಸದಾಗಿ ಕೂರಿಸಬೇಕು. ಇದರಿಂದ ಮೂರು ಲಾಭ. ದಣಿದ ಭಾಗ ಹೊರಹೋಗುತ್ತದೆ. ಡ್ರಮ್ಮು, ರಾಟೆಗಳ ಮೇಲೆ ಸದಾ ಬಾಗುತ್ತಿದ್ದ ಜಾಗಗಳು ಸರಿದು ಬೇರೆ ಭಾಗಕ್ಕೆ ಆ ಹೊರೆ ಹೋಗುತ್ತದೆ. ಕತ್ತರಿಸಿದ ತುಂಡನ್ನು ಬಿಚ್ಚಿ ನೋಡಿದಾಗ ಒಳಗಿನ ತುಕ್ಕು, ಗ್ರೀಸಿನ ಸ್ಥಿತಿ ಗೊತ್ತಾಗುತ್ತದೆ. ಹೊರಗಿನಿಂದಲೇ ತಿಳಿಯುವ ಉಪಾಯವೂ ಇದೆ: ಹಗ್ಗವನ್ನು ಕಾಂತಗೊಳಿಸಿ ಸಂವೇದಕದ ಮೂಲಕ ಹಾಯಿಸಿದರೆ, ತಂತಿ ಕಡಿದಲ್ಲಿ ಕಾಂತಬಲ ಹೊರಗೆ ಸೋರುವುದು ದಾಖಲಾಗುತ್ತದೆ. 1988ರಲ್ಲಿ ಕೆಜಿಎಫ್‌ನಲ್ಲಿ ಆರಂಭವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಸಂಸ್ಥೆಯ ಕೆಲಸಗಳಲ್ಲಿ ಹಗ್ಗಗಳ ಇಂಥ ಪರೀಕ್ಷೆಯೂ ಸೇರಿದೆ.

ಕೊಳವೆ ಬಾವಿಯ ಹಗ್ಗ

ಕೆಜಿಎಫ್ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿತು. ಕೇಜುಗಳು ನಿಂತರೂ ಕೋಲಾರ, ಬಂಗಾರಪೇಟೆ ಸೀಮೆಯಲ್ಲಿ ಆಳಕ್ಕೆ ಭಾರ ಇಳಿಬಿಡುವ ಕೆಲಸ ನಿಂತಿಲ್ಲ. ಒಂದು ಕಾಲಕ್ಕೆ ಕಪಿಲೆಯ ಎತ್ತುಗಳು ನೀರೆತ್ತುತ್ತಿದ್ದ ಹೊಲಗಳಲ್ಲಿ ಈಗ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳಿವೆ. ಅವುಗಳಲ್ಲಿ ಪಂಪು ಮೋಟಾರಿನ ಭದ್ರತೆಗೆ ಪ್ಲಾಸ್ಟಿಕ್ ಹಗ್ಗವನ್ನೋ ಉಕ್ಕಿನ ಹಗ್ಗವನ್ನೋ ಕಟ್ಟುತ್ತಾರೆ. ಗಣಿಯ ಪಾಠಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ನುಣುಪಾದ ಪ್ಲಾಸ್ಟಿಕ್ ಹಗ್ಗಕ್ಕೆ ಸಾದಾ ಗಂಟು ಸಾಲದು. ಸುತ್ತು ಹೆಚ್ಚಿರಬೇಕು, ತುದಿ ಉದ್ದವಾಗಿ ಉಳಿದಿರಬೇಕು. ಉಕ್ಕಿನ ಹಗ್ಗವನ್ನು ಮಡಚಿ ಕುಣಿಕೆ ಮಾಡುವಾಗ ಒಳಗೆ ಥಿಂಬಲ್ ಎಂಬ ಲೋಹದ ತೊಟ್ಟಿಲು ಇಟ್ಟರೆ ತಿರುವು ಮುರುಟುವುದಿಲ್ಲ. ಯು ಕ್ಲಾಂಪ್ ಬಿಗಿಯುವಾಗ ಬಾಗಿದ ಕಂಬಿ ಬರಬೇಕಾದದ್ದು ಭಾರ ಹೊರದ ಗಿಡ್ಡ ತುದಿಯ ಮೇಲೆ. ಅಗಲವಾದ ತಡಿ ಭಾರ ಹೊರುವ ಹಗ್ಗದ ಕಡೆ. ತಿರುಗುಮುರುಗಾದರೆ ಕಂಬಿಯೇ ಭಾರದ ಹಗ್ಗವನ್ನು ಜಜ್ಜುತ್ತದೆ. ತೆಳು ಹಗ್ಗಕ್ಕೂ ಕನಿಷ್ಠ ಮೂರು ಕ್ಲಾಂಪ್ ಬೇಕು, ಅವುಗಳ ನಡುವೆ ಹಗ್ಗದ ವ್ಯಾಸದ ಸುಮಾರು ಆರು ಪಟ್ಟು ಅಂತರ ಇರಬೇಕು. ಸರಿಯಾಗಿ ಹಾಕಿದಾಗಲೂ ಈ ಜೋಡಣೆ ಹಗ್ಗದ ಬಲದ ಶೇ 80ರಷ್ಟನ್ನು ಮಾತ್ರ ಉಳಿಸುತ್ತದೆ. ಭಾರ ಬಿದ್ದಾಗ ಹಗ್ಗ ಸಪೂರವಾಗಿ ಹಿಡಿತ ಸಡಿಲಾಗುವುದರಿಂದ, ಸ್ವಲ್ಪ ಹೊತ್ತು ತೂಗುಬಿಟ್ಟ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಹಗ್ಗ ಕೊಳ್ಳುವಾಗ ಅಂಗಡಿಯಲ್ಲಿ ಹೇಳುವ ಬಲ ನಡುವಿನ ನೇರ ಹಗ್ಗದ್ದು. ಭಾರ ಕಟ್ಟುವವರು ನಂಬಬೇಕಾದದ್ದು ತುದಿಯ ಬಲವನ್ನು ಮಾತ್ರ. ಮೋಟಾರನ್ನು ಮೇಲೆತ್ತಿದಾಗಲೆಲ್ಲ ಆ ತುದಿಯನ್ನು ಬಿಚ್ಚಿ ನೋಡಿ, ಸವೆದಷ್ಟನ್ನು ಕತ್ತರಿಸಿ, ಹೊಸದಾಗಿ ಕಟ್ಟಿಯೇ ಇಳಿಬಿಡಬೇಕು.